ಮಸಿಗೊಂದು ಮಂಗಳವಾರ

ಸೂರತ್ತಿನ ಪಾಂಡೇಸರಾದ ಆ ಬಟ್ಟೆ ಮಿಲ್ಲಿನಲ್ಲಿ ಹೆಸರಿಗೆ ಇಬ್ಬರು ನಗುವವರಿದ್ದರು. ಒಬ್ಬರು ಮಾಲೀಕ ಹಸಮುಖ ಶೇಠ್, ಇನ್ನೊಬ್ಬರು ಬಾಯ್ಲರಿನ ನಗೀನಭಾಯಿ ರಾಣಾ. ಶೇಠರ ನಗು ಕಲ್ಲಿದ್ದಲಿನ ಬೆಲೆ ಇಳಿದ ದಿನ ಕಾಣಿಸುತ್ತಿತ್ತು. ನಗೀನಭಾಯಿಯ ನಗುವನ್ನು ಇಪ್ಪತ್ತಾರು ವರ್ಷಗಳಲ್ಲಿ ನೋಡಿದ್ದು ಬೆಂಕಿಯೊಂದೇ. ಅದು ಯಾರಿಗೂ ಹೇಳಿರಲಿಲ್ಲ.

ಬೆಂಕಿಯ ವಿದ್ಯೆ ಅವನಿಗೆ ಬಂದದ್ದು ಮಿಲ್ಲಿನಿಂದಲ್ಲ, ಪೋಂಕಿನಿಂದ. ಚಳಿಗಾಲ ಬಂತೆಂದರೆ ಅವನ ಅಪ್ಪ ತಾಪಿಯ ದಂಡೆಯಲ್ಲಿ ಗುಂಡಿ ತೋಡಿ ಎಳೆ ಜೋಳದ ತೆನೆ ಸುಡುತ್ತಿದ್ದ. ನಮ್ಮ ಕಡೆಯ ಸೀತನಿಯೇ ಅದು. ಸೂರತ್ತಿನವರು ಬಾಯಿಗೆ ಬಂದದ್ದನ್ನು ಬೈಯುತ್ತಾರೆ, ಆದರೆ ಬಾಯಿಗೆ ಹಾಕಿಕೊಳ್ಳುವುದನ್ನು ಆರಿಸಿ ಹಾಕಿಕೊಳ್ಳುತ್ತಾರೆ. ಹೊಗೆ ವಾಸನೆ ಬಂದ ಪೋಂಕನ್ನು ಮೂಸಿಯೂ ನೋಡುವುದಿಲ್ಲ. ಹಾಗಾಗಿ ಹೊಗೆಯಿಲ್ಲದೆ ಉರಿಸುವುದು ಆ ಮನೆಯಲ್ಲಿ ಅನ್ನದ ಪ್ರಶ್ನೆಯಾಗಿತ್ತು. ತೆಳ್ಳಗೆ ಹರಡಬೇಕು, ಸ್ವಲ್ಪ ಸ್ವಲ್ಪವೇ ಹಾಕಬೇಕು, ಮತ್ತೆ ಮತ್ತೆ ಹಾಕಬೇಕು; ಬೆಂಕಿಯ ಬಾಯನ್ನು ಗುಬ್ಬಿ ಕೊಕ್ಕು ತೆರೆದಷ್ಟು ಹೊತ್ತು ಮಾತ್ರ ತೆರೆಯಬೇಕು. ನಗೀನಭಾಯಿ ಕಲ್ಲಿದ್ದಲನ್ನೂ ಹಾಗೆಯೇ ಉರಿಸಿದ. ಅವನ ಪಾಳಿಯಲ್ಲಿ ಚಿಮಣಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಕತ್ತೆತ್ತಿ ನೋಡಿದರೂ ತಿಳಿಯುತ್ತಿರಲಿಲ್ಲ. ಇದಕ್ಕೆ ಯಾರೂ ಅವನನ್ನು ಹೊಗಳಿರಲಿಲ್ಲ. ಇಲ್ಲದ ಹೊಗೆಯನ್ನು ಹೊಗಳುವವರು ಯಾರು?

ಆಮೇಲೆ ಹೊಗೆಯ ಸಂತೆ ಬಂತು. ಶೇಠರು ಬಾಯ್ಲರ್ ಮನೆಗೇ ಬಂದು ವಿವರಿಸಿದರು.

"ನೋಡು ನಗೀನ, ಇನ್ಮೇಲೆ ಒಂದು ಕಿಲೋ ಮಸಿಗೆ ಒಂದು ಪರ್ಮಿಟ್."

"ಪರ್ಮಿಟ್ಟಾ?" ನಗೀನಭಾಯಿಯ ಕಿವಿ ನಿಮಿರಿತು. ಮದ್ಯಕ್ಕೆ ಬಾಗಿಲು ಹಾಕಿದ ನಾಡಿನಲ್ಲಿ ಆ ಪದಕ್ಕೆ ಇದ್ದದ್ದು ಒಂದೇ ಅರ್ಥ. "ನಮ್ಮಂಥೋರಿಗೂ ಕೊಡ್ತಾರಾ ಶೇಠ್?"

"ಥೂ, ಕುಡಿಯೋದಲ್ಲಯ್ಯಾ, ಉಗುಳೋದು! ಚಿಮಣಿ ಉಗುಳೋದಕ್ಕೆ. ಸರ್ಕಾರದೋರು ಮೇಲೆ ಮೀಟರ್ ಕೂರಿಸಿದ್ದಾರೆ. ನಮಗೆ ಇಷ್ಟು ಅಂತ ಕೊಟ್ಟಿದ್ದಾರೆ. ಕಡಿಮೆ ಉಗುಳಿದ್ರೆ ಉಳಿದದ್ದನ್ನ ಮಂಗಳವಾರ ಮಂಗಳವಾರ ಮಾರ್ಬೋದು. ಜಾಸ್ತಿ ಉಗುಳೋನು ಕೊಂಡ್ಕೋಬೇಕು."

ಅಂದಿನಿಂದ ನಗೀನಭಾಯಿ ಮಿಲ್ಲಿನ ಅಳಿಯನಾದ. ಶೇಠರು ಘಾರಿ ಮಿಠಾಯಿಯ ಡಬ್ಬಿ ಕಳಿಸಿದರು, ಬೆನ್ನು ತಟ್ಟಿದರು. ಇಪ್ಪತ್ತಾರು ವರ್ಷ ಯಾರೂ ನೋಡದ ಕೆಲಸಕ್ಕೆ ಬೆಲೆ ಬಂದಿತ್ತು. ನಗೀನಭಾಯಿಗೆ ಒಳಗೊಳಗೇ ಹಿಗ್ಗು.

ಹಿಗ್ಗು ಚೈತ್ರದವರೆಗೆ ಬಾಳಿತು. ಚೈತ್ರದಲ್ಲಿ ಓಣಿಯ ಹೆಂಗಸರೆಲ್ಲ ಅವನ ಮಾಳಿಗೆಯಲ್ಲಿ ಸೇರಿ ಅಕ್ಕಿ ಹಪ್ಪಳ ಒತ್ತುತ್ತಿದ್ದರು. ಬಿಸಿ ಹಿಟ್ಟನ್ನೇ ಎಣ್ಣೆ, ಮೆಣಸಿನ ಪುಡಿ ಹಾಕಿಕೊಂಡು ತಿನ್ನುವುದು, ಅತ್ತೆಯಂದಿರನ್ನು ಬೈಯುವುದು, ಹಿಟ್ಟು ಉಳಿದರೆ ಹಪ್ಪಳ. ಮುಂದಾಳು ಅವನ ಹೆಂಡತಿ ಮಂಛಾಬೆನ್. ಆ ವರ್ಷ ಅಂಗಡಿಯವನು ಹಪ್ಪಳದ ಗಂಟನ್ನು ಹಾಗೆಯೇ ವಾಪಸು ತಂದಿಟ್ಟ.

"ಕರೀ ಎಳ್ಳು ಹಾಕಿ ಅಂತ ನಾನು ಹೇಳಿರ್ಲಿಲ್ಲ ಮಾಸೀ."

"ಎಳ್ಳಲ್ಲ ಮಾರಾಯಾ," ಎಂದಳು ಮಂಛಾಬೆನ್, ಗಂಡನ ಕಡೆ ನೋಡುತ್ತ. "ಇವರ ಕಸಬಿನವರ ಪ್ರಸಾದ."

ಮಸಿ ಬೀಳುತ್ತಿದ್ದದ್ದು ಓಣಿಯ ಬೆನ್ನಿಗಿದ್ದ ನೀಲಿ ಗೇಟಿನ ಮಿಲ್ಲಿನಿಂದ. ಅಲ್ಲಿ ಬೆಂಕಿಗೆ ನಿಂತವನು ಉತ್ತರಪ್ರದೇಶದ ಬಲಿಯಾ ಕಡೆಯ ರಾಮಸೂರತ್. ಹೆಸರಿನಲ್ಲೇ ಸೂರತ್ ಇರುವುದರಿಂದ ಟಿಕೆಟಿಲ್ಲದೆ ಬಂದೆ ಎಂದು ಹೇಳಿಕೊಳ್ಳುತ್ತಿದ್ದ. ಚಹಾದ ಗಾಡಿಯ ಬಳಿ ನಗೀನಭಾಯಿ ಅವನನ್ನು ಹಿಡಿದ.

"ಏನೋ, ಬಾಯ್ಲರ್ ಉರಿಸ್ತೀಯೋ, ಊರು ಸುಡ್ತೀಯೋ?"

"ಬೈಬೇಡಿ ಕಾಕಾ, ಎಲ್ಲಾ ನಿಮ್ಮ ದಯೆ!" ರಾಮಸೂರತ್ ಕೈ ಮುಗಿದ. "ನೀವು ಉಗುಳದೆ ಉಳಿಸಿದ್ದನ್ನ ನಿಮ್ಮ ಶೇಠ್ ನಮ್ಮ ಶೇಠ್‌ಗೆ ಮಾರಿದ್ರಲ್ಲ. ಅದಕ್ಕೇ ನಾನು ಧಾರಾಳವಾಗಿ ಸಲಿಕೆಗಟ್ಟಲೆ ಸುರೀತೀನಿ."

ನಗೀನಭಾಯಿಯ ಬಾಯೊಳಗಿನ ಚಹಾ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ತಾನು ಬೆವರು ಸುರಿಸಿ ಆಕಾಶಕ್ಕೆ ಬಿಡದೆ ಹಿಡಿದಿಟ್ಟ ಮಸಿ ಬೇರೆ ಚಿಮಣಿ ಹತ್ತಿ, ತಿರುಗಿ ತನ್ನ ಹೆಂಡತಿಯ ಹಪ್ಪಳದ ಮೇಲೇ ಇಳಿದಿತ್ತು.

ನೆಟ್ಟಗೆ ಶೇಠರ ಮುಂದೆ ಹೋಗಿ ನಿಂತ. "ನೀಲಿ ಗೇಟಿಗೆ ಮಾರ್ಬೇಡಿ."

"ಕಾನೂನು ಪ್ರಕಾರ ಮಾರಿದ್ದೀನಿ. ಊರಿನ ಒಟ್ಟು ಹೊಗೆ ಎಷ್ಟು ಇಳಿದಿದೆ ಗೊತ್ತಾ? ಪೇಪರಿನಲ್ಲಿ ಬಂದಿದೆ."

"ಇಳಿದಿರ್ಬೋದು ಶೇಠ್. ಆದರೆ ಊರಿನ ಒಟ್ಟು ಹೊಗೆ ನನ್ನ ಮಾಳಿಗೆ ಮೇಲೆ ಬೀಳಲ್ಲ. ನೀಲಿ ಗೇಟಿಂದು ಬೀಳತ್ತೆ."

"ಹಾಗಾದ್ರೆ ಮಾಳಿಗೆ ಬದಲಾಯಿಸು," ಎಂದರು ಹಸಮುಖ ಶೇಠ್, ನಗದೆ.

ಆ ಸಂಜೆ ಮಂಛಾಬೆನ್ ಸುಲಭದ ದಾರಿ ಹೇಳಿದಳು. "ನೀವೂ ಸಲಿಕೆಗಟ್ಟಲೆ ಸುರೀರಿ. ಉಳಿದ್ರೆ ತಾನೇ ಮಾರೋದು?"

ಮರುದಿನ ಅವನು ಪ್ರಯತ್ನಿಸಿದ. ಸಲಿಕೆ ತುಂಬಿಸಿದ, ಬಾಗಿಲು ತೆರೆದ. ಕೈ ತನ್ನಷ್ಟಕ್ಕೆ ತಾನೇ ಅರ್ಧ ಕಲ್ಲಿದ್ದಲನ್ನು ಕೆಳಗೆ ಉದುರಿಸಿ, ಮಿಕ್ಕಿದ್ದನ್ನು ತೆಳ್ಳಗೆ ಹರಡಿತು. ಪೋಂಕಿನ ಕೈ, ಅದಕ್ಕೆ ಸೇಡು ಗೊತ್ತಿರಲಿಲ್ಲ.

ಆ ಕೈಗೆ ಗೊತ್ತಿದ್ದದ್ದನ್ನೇ ಮಾಡಲು ಅವನು ನಿಶ್ಚಯಿಸಿದ. ವಾರದ ರಜೆಯ ದಿನ, ಬೆಳಗಿನ ಹತ್ತು ಗಂಟೆಗೆ, ಇಡೀ ಬೀದಿ ನೋಡುತ್ತಿರುವಾಗ, ತನ್ನ ಕೆದಕುಗೋಲನ್ನು ಹೆಗಲಿಗಿಟ್ಟು ನೀಲಿ ಗೇಟಿನೊಳಗೆ ನಡೆದ.

"ಕಾಕಾ, ಹೊಡಿಯೋಕೆ ಬಂದ್ರಾ?" ರಾಮಸೂರತ್ ಸಲಿಕೆಯ ಹಿಂದೆ ಅಡಗಿದ.

"ಪಕ್ಕಕ್ಕೆ ಸರಿ. ಇದೇನು ಬೆಂಕಿನಾ? ಸೆಗಣಿ ಗುಡ್ಡೆ. ಹರಡು. ತೆಳ್ಳಗೆ! ನಿಮ್ಮಮ್ಮ ರೊಟ್ಟಿಗೆ ಹಿಟ್ಟು ಹೀಗೇ ಬುಟ್ಟಿಗಟ್ಟಲೆ ಸುರೀತಿದ್ರಾ?"

"ಅಮ್ಮನ ಸುದ್ದಿ ಬೇಡ ಕಾಕಾ."

"ಹಾಗಾದ್ರೆ ಅವರ ಮರ್ಯಾದೆ ಉಳಿಸು. ಮುಚ್ಚು ಬಾಗಿಲು! ಮದುವೆ ದಿಬ್ಬಣ ನೋಡೋ ಹಾಗೆ ತೆಗೆದಿಟ್ಟುಕೊಂಡು ನಿಂತಿದ್ದಾನೆ."

ಅಲ್ಲಿಯ ಶೇಠರು ಬಂದರು, ಕತ್ತೆತ್ತಿ ಚಿಮಣಿ ನೋಡಿದರು, ಏನೂ ಕೇಳದೆ ಚಹಾ ತರಿಸಿದರು. ಬಿಟ್ಟಿ ಸಿಕ್ಕ ವಿದ್ಯೆಯನ್ನು ಪ್ರಶ್ನಿಸುವಷ್ಟು ದಡ್ಡ ಶೇಠ್ ಸೂರತ್ತಿನಲ್ಲಿ ಇನ್ನೂ ಹುಟ್ಟಿಲ್ಲ. ನಗೀನಭಾಯಿ ಚಹಾ ಮುಟ್ಟಲಿಲ್ಲ. ಐದು ರಜೆ ಹೀಗೇ ಹೋದ. ಐದನೆಯದರ ಹೊತ್ತಿಗೆ ರಾಮಸೂರತ್ ತಾನೇ ಇನ್ನೊಂದು ಪಾಳಿಯವನಿಗೆ ಅಮ್ಮನ ರೊಟ್ಟಿಯ ಮಾತು ಹೇಳಿ ಬೈಯುತ್ತಿದ್ದ.

ಆರನೆಯ ವಾರ, ಮಂಗಳವಾರ, ಹಸಮುಖ ಶೇಠರು ಪರ್ಮಿಟ್ಟಿನ ತಟ್ಟೆ ಹಿಡಿದು ಕೂತೇ ಇದ್ದರು. ನೀಲಿ ಗೇಟು ಒಂದು ಕಿಲೋ ಮಸಿಯನ್ನೂ ಕೇಳಲಿಲ್ಲ. ಬೇರೆಯವರು ಕೇಳಿದ ಬೆಲೆ ಕೇಳಬಾರದಂಥದು. ಬುಧವಾರ ಬೆಳಿಗ್ಗೆ ಶೇಠರು ಬಾಯ್ಲರಿಗಿಂತ ಬಿಸಿಯಾಗಿದ್ದರು.

"ನಾನು ಮಾರೋ ಸಾಮಾನನ್ನ ನೀನು ಪುಕ್ಕಟೆ ಹಂಚ್ತೀಯಾ? ಯಾರ ಅಪ್ಪಣೆ ಕೇಳಿ ಕಲಿಸ್ದೆ?"

"ಅದಕ್ಕೂ ಪರ್ಮಿಟ್ ಬೇಕಾಗಿತ್ತಾ ಶೇಠ್?"

"ನಾಳೆಯಿಂದ ಬರ್ಬೇಡ!"

ನಗೀನಭಾಯಿ ಗೋಡೆಗೆ ನೇತುಹಾಕಿದ್ದ, ಕಟ್ಟು ಹಾಕಿಸಿದ ತನ್ನ ಬಾಯ್ಲರ್ ನಡೆಸುವ ಪ್ರಮಾಣಪತ್ರವನ್ನು ಮೊಳೆಯಿಂದ ಬಿಡಿಸಿ, ಕಂಕುಳಲ್ಲಿಟ್ಟುಕೊಂಡು, ಕೆದಕುಗೋಲಿನೊಂದಿಗೆ ಮನೆಗೆ ನಡೆದ.

ಅವನ ಜಾಗಕ್ಕೆ ಬಂದವನು ಸಲಿಕೆಗಟ್ಟಲೆ ಸುರಿಯುವ ಪಂಗಡದವನು. ಚಿಮಣಿಯ ಮೀಟರಿಗೆ ಮುಖದಾಕ್ಷಿಣ್ಯ ಇರಲಿಲ್ಲ. ಮಾರುವ ಮಾತು ಹಾಗಿರಲಿ, ಕೊಳ್ಳುವ ಕಾಲ ಬಂತು. ಮುಂದಿನ ಮಂಗಳವಾರಕ್ಕೆ ಒಂದು ದಿನ ಮುಂಚೆ ಶೇಠರು ಸ್ವತಃ ಓಣಿಯ ಕಿರಿದಾದ ಮೆಟ್ಟಿಲು ಹತ್ತಿ ಮಾಳಿಗೆಗೆ ಬಂದರು. ಅಲ್ಲಿ ಮಂಛಾಬೆನ್ ಎರಡನೆಯ ಸಲದ ಹಪ್ಪಳ ಒಣಹಾಕಿದ್ದಳು. ಶೇಠರು ತುದಿಗಾಲಿನಲ್ಲಿ ನಡೆಯಬೇಕಾಯಿತು.

"ಕೆಲಸಕ್ಕೆ ವಾಪಸ್ ಬಾ ಮಾರಾಯಾ."

"ಬರ್ತೀನಿ. ಆದರೆ ರಜೆ ದಿನ ನಂದು. ಕೋಲು ನಂದು. ಎಲ್ಲಿಗೆ ಹೋಗ್ತೀನಿ ಅಂತ ಕೇಳೋ ಹಾಗಿಲ್ಲ."

ಶೇಠರು ಮಂಛಾಬೆನ್ ಕೊಟ್ಟ ಹಪ್ಪಳವನ್ನು ಮುರಿದು ಬಾಯಿಗೆ ಹಾಕಿಕೊಂಡರು. ಮರುದಿನ ಪ್ರಮಾಣಪತ್ರ ಮತ್ತೆ ಅದೇ ಮೊಳೆಗೆ ಏರಿತು.

ಮುಂದಿನ ರಜೆಯ ದಿನ ಹಪ್ಪಳ ತಿರುವುತ್ತಿದ್ದ ಮಂಛಾಬೆನ್ ಒಂದನ್ನು ಬೆಳಕಿಗೆ ಹಿಡಿದಳು. ಬೆಳ್ಳಗಿತ್ತು; ಎರಡೇ ಎರಡು ಕರೀ ಚುಕ್ಕಿ.

"ಇದು ಯಾರದ್ದು?"

ನಗೀನಭಾಯಿ ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದ. ಗಾಳಿ ಪಡುವಣದಿಂದ ಬರುತ್ತಿತ್ತು. ಆ ಕಡೆ ಇನ್ನೂ ಒಂಬತ್ತು ಚಿಮಣಿಗಳಿದ್ದವು. ಅವನು ಚಪ್ಪಲಿ ಮೆಟ್ಟಿ ಮೂಲೆಯಲ್ಲಿದ್ದ ಕೋಲನ್ನು ಹೆಗಲಿಗೆ ಏರಿಸಿದ.

"ಊಟಕ್ಕೆ?" ಎಂದಳು.

"ಇಟ್ಟಿರು. ಆ ಕಡೆಯೋರು ಚಹಾ ಕೊಟ್ರೂ ನಾನು ಕುಡಿಯಲ್ಲ."