ಅಜ್ಜೀ ಎಂಬ ಮನೆತನ

ಎಪ್ಪತ್ತರ ದಶಕದ ಆರಂಭದಲ್ಲಿ ನಾವು ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ ಒಬ್ಬ ಇಂಗ್ಲಿಷ್ ಹೆಂಗಸಿನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಗಂಡ ಕಾರು ಕಂಪನಿಯಲ್ಲಿ ಎಂಜಿನಿಯರು; ನನಗೆ ಚಳಿಗಾಲವಿಡೀ ಕಿಟಕಿಯಾಚೆಯ ಹಿಮ ನೋಡುವುದೇ ಕೆಲಸ. ಬೆಳಿಗ್ಗೆಯೋ ಸಂಜೆಯೋ ತಿಳಿಯದ ಆ ಬೂದು ಬೆಳಕಿನಲ್ಲಿ ಮೈಸೂರಿನಲ್ಲೇ ಇದ್ದೇನೆನಿಸಿ, ಮೊಸರು ಮಾರುವವಳ ಕೂಗಿಗೆ ಕಿವಿಗೊಟ್ಟು ಕೂತುಬಿಡುತ್ತಿದ್ದೆ.

ಮನೆಯೊಡತಿಗೆ ಎಪ್ಪತ್ತು ದಾಟಿತ್ತು. ಮದುವೆಯಾಗಿ ಇಲ್ಲಿಗೆ ಬಂದು ನಲವತ್ತು ವರ್ಷವಾದರೂ, ಅಮೆರಿಕದವರಿಗೆ ಟೀ ಮಾಡಲು ಬರುವುದಿಲ್ಲವೆಂಬ ಅವರ ಸಿಟ್ಟು ಆರಿರಲಿಲ್ಲ. ಕಾಫಿಯ ವಿಷಯದಲ್ಲಿ ನನಗೂ ಅದೇ ಸಿಟ್ಟಿದ್ದುದರಿಂದ ಸ್ನೇಹ ಕುದುರಿತು.

ಒಂದು ಮಧ್ಯಾಹ್ನ ಅವರು ಊಟದ ಮೇಜಿನ ತುಂಬ ತಮ್ಮ ವಂಶವೃಕ್ಷ ಹರಡಿದರು. ಅವರ ತಂದೆಯ ತಾಯಿ ಹುಟ್ಟಿದ್ದು ಬೆಂಗಳೂರಿನ ದಂಡು ಪ್ರದೇಶದಲ್ಲಿ. ಆಕೆಯ ತಾಯಿಯ ಕಡೆಯದು ‘ಅಜ್ಜೀ’ ಎಂಬ ಮನೆತನವಂತೆ. ವರ್ಷಗಟ್ಟಲೆ ಇಂಗ್ಲೆಂಡಿನ ಚರ್ಚುಗಳಿಗೆ ಪತ್ರ ಬರೆದರೂ ಆ ಹೆಸರಿನವರು ಸಿಕ್ಕಿರಲಿಲ್ಲ.

“ಕಣ್ಣು ಮುಚ್ಚುವುದರೊಳಗೆ ಅವರು ಯಾರೆಂದು ತಿಳಿದರೆ ಸಾಕು,” ಎಂದು, ತಂದೆಯ ಆ ತಾಯಿ ಮಗುವಾಗಿದ್ದಾಗ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಬರೆದಿದ್ದ ದಿನಚರಿಯ ಹಾಳೆಯೊಂದನ್ನು ಓದಿದರು. ‘ಹೊರಡುವ ದಿನ ಅಜ್ಜೀ ನನ್ನ ತಲೆಗೆ ಎಣ್ಣೆ ಒತ್ತಿದಳು. ಅಜ್ಜೀಗೂ ಅಮ್ಮನಿಗೂ ಒಂದೇ ಮೂಗು. ಆದರೆ ಅವಳ ಸುದ್ದಿ ಹಡಗಿನಲ್ಲಿ ಯಾರಿಗೂ ಹೇಳಬಾರದಂತೆ.’

ಆ ‘ಅಜ್ಜೀ’ ಯಾರೆಂದು ನನಗೆ ಹೊಳೆಯಿತು. ಸಂಜೆ ಗಂಡನಿಗೆ ಹೇಳಿದರೆ, “ಸುಮ್ನಿರೇ, ನಿಂಗ್ಯಾಕೆ ಊರ ಉಸಾಬರಿ? ತನ್ನ ವಂಶದಲ್ಲಿ ನಮ್ಮೋಳೊಬ್ಳಿದ್ಲು ಅಂತ ಆಕೆ ಸಿಟ್ಟಾಗಿ ಮನೆ ಖಾಲಿ ಮಾಡಿ ಅಂದ್ರೆ ಈ ಚಳೀಲಿ ಎಲ್ಲಿಗ್ ಹೋಗೋಣ?” ಎಂದರು.

ಒಂದು ವಾರ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅಷ್ಟರಲ್ಲಿ ಇನ್ನೊಂದು ಚರ್ಚಿನಿಂದ ‘ಅಂಥವರಾರೂ ಇಲ್ಲ’ ಎಂಬ ಉತ್ತರ ಬಂತು. ಲಕೋಟೆ ಮಡಿಲಲ್ಲಿಟ್ಟುಕೊಂಡು ಆಕೆ ಕೂತ ರೀತಿ ನೋಡಲಾಗಲಿಲ್ಲ.

“ಅದು ಮನೆತನದ ಹೆಸರಲ್ಲ,” ಎಂದೆ. “ನಮ್ಮ ಭಾಷೆಯಲ್ಲಿ ಅಮ್ಮನ ಅಮ್ಮನಿಗೆ ಹಾಗೆನ್ನುತ್ತೇವೆ.”

ಅವರು ಬೆರಳ ತುದಿಯಿಂದ ತಮ್ಮ ಮೂಗನ್ನು ಮೆಲ್ಲಗೆ ಸವರಿಕೊಂಡರು. ಹೊರಗೆ ಹಿಮ ಸದ್ದಿಲ್ಲದೆ ಬೀಳುತ್ತಿತ್ತು. ನಾನಾಗಲೇ ಮನಸ್ಸಿನಲ್ಲಿ ಪಾತ್ರೆ ಪಗಡ ಗಂಟು ಕಟ್ಟತೊಡಗಿದ್ದೆ. ಆಕೆ ಪೆನ್ನು ತೆಗೆದು, ವಂಶವೃಕ್ಷದ ಮೇಲಿದ್ದ ‘ಅಜ್ಜೀ’ಯನ್ನು ನಾಜೂಕಾಗಿ ಹೊಡೆದುಹಾಕಿದರು.

“ಹಾಗಾದರೆ ಅವಳ ಹೆಸರೇನಿದ್ದೀತು?”

“ಆ ಮಗುವಿಗೂ ಗೊತ್ತಿದ್ದಿರಲಾರದು. ನಮ್ಮಲ್ಲಿ ಅಜ್ಜಿಯನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ.”

“ನಿಮ್ಮ ಅಜ್ಜಿಯ ಹೆಸರು?”

ಬಾಯಿ ತೆರೆದೆ. ಸೀಗೆಪುಡಿಯ ವಾಸನೆ ಬಂತು, ನೆತ್ತಿಯ ಮೇಲೆ ಒರಟು ಅಂಗೈ ಬಂತು, ನನ್ನನ್ನು ಗದರುವ ಆ ಸಣ್ಣ ದನಿಯೂ ಬಂತು. ಹೆಸರು ಬರಲಿಲ್ಲ. ಆಕೆ ಪೆನ್ನು ಹಿಡಿದು ಕಾಯುತ್ತಿದ್ದರು. ನಾಚಿಕೆಯಿಂದ ನನಗೆ ಅಳು ಬಂತು.

ಆ ಸಂಜೆ ಅಮ್ಮನಿಗೆ ಏರೋಗ್ರಾಮ್ ಬರೆಯಲು ಕೂತೆ. ಕ್ಷೇಮ ಸಮಾಚಾರ ಯಾವುದೂ ಇಲ್ಲದೆ ಮೊದಲ ಸಾಲಿನಲ್ಲೇ ಕೇಳಿದೆ: ಅಮ್ಮಾ, ಅಜ್ಜಿಯ ಹೆಸರೇನು?