ಭಾನುವಾರದ ಕಾರಿನ ಸದ್ದು

ಹಲ್ಲಿನ ಸೆಟ್ಟು ಮಾಡುವವನಿಗೆ ಯಾರ ಬಾಯಿ ನೋಡಿದರೂ ಮೊದಲು ಕಾಣುವುದು ಹಲ್ಲು, ಆಮೇಲೆ ಮಾತು. ಕಾರಿನಲ್ಲಿ ಪಕ್ಕಕ್ಕೆ ಕೂತ ಅತ್ತೆಯ ತುಟಿ ಒಂದೇ ಸಮನೆ ಅಲ್ಲಾಡುವುದು ಕಣ್ಣಿಗೆ ಬಿದ್ದ ದಿನ ಅವನು, ತಾನೇ ಮಾಡಿಕೊಟ್ಟ ಕೆಳಗಿನ ಸೆಟ್ಟು ಸಡಿಲವಾಗಿದೆ ಎಂದುಕೊಂಡ. ಅತ್ತೆಯ ತಂಗಿಯ ಮನೆ ಮುಂದೆ ಕಾರು ನಿಲ್ಲಿಸಿ, "ಅತ್ತೆ, ಸ್ವಲ್ಪ ಬಾಯಿ ತೆಗೀರಿ" ಎಂದ. ಬೀದಿಯವರೆಲ್ಲ ನೋಡುತ್ತಿರುವಾಗ ಎಪ್ಪತ್ತು ದಾಟಿದ ಅತ್ತೆ ಗೇಟಿನ ಎದುರು ಬಾಯಿ ತೆರೆದು ನಿಂತರು. ಸೆಟ್ಟು ಕಚ್ಚಿ ಹಿಡಿದಂತೆ ಭದ್ರವಾಗಿತ್ತು.

"ಹಾಗಾದ್ರೆ ದಾರೀಲಿ ಏನೋ ಹೇಳ್ತಿದ್ರಲ್ಲ?"

"ಏನಿಲ್ಲ. ನೀವು ರಸ್ತೆ ನೋಡ್ಕೊಂಡು ಓಡ್ಸಿ ಅಳಿಯಂದ್ರೇ."

ಕಾರು ಅವನದಲ್ಲ, ಹೆಂಡತಿಯದು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ ಹಳೆಯ ಸ್ಪೋರ್ಟ್ಸ್ ಕಾರು. ಅದರಿಂದ ಇಳಿಯುವುದೆಂದರೆ ಬಾವಿಯಿಂದ ಮೇಲೆ ಬಂದ ಹಾಗೆ. ಪ್ರತಿ ಭಾನುವಾರ ಅವಳು ತಾಯಿಯನ್ನು ಅದರಲ್ಲಿ ಕೂರಿಸಿಕೊಂಡು, ಹೆದ್ದಾರಿಯ ಆ ತುದಿಯಲ್ಲಿದ್ದ ಚಿಕ್ಕಮ್ಮನ ಮನೆಗೆ ಕರೆದೊಯ್ಯುತ್ತಿದ್ದಳು. ಕಾಯಿಲೆ ಬಿದ್ದು ಅವಳು ಹೋದ ಮೇಲೆ ಸ್ಟೀರಿಂಗಿನ ಹಿಂದೆ ಅವನು ಕೂತ. ಕೂರು ಎಂದು ಯಾರೂ ಹೇಳಿರಲಿಲ್ಲ. "ಮಗಳೇ ಇಲ್ಲ ಅಂದ್ಮೇಲೆ ಅಳಿಯ ಎಲ್ಲಿಯ ನೆಂಟ" ಎಂದು ಭಾವಮೈದ ಯಾರಿಗೋ ತಮಾಷೆಗೆ ಅಂದದ್ದು ಅವನ ಕಿವಿಗೂ ಬಿದ್ದಿತ್ತು. ತಮಾಷೆಯಾದರೂ ಅದರಲ್ಲಿ ಸುಳ್ಳಿರಲಿಲ್ಲ. ಅತ್ತೆಗೂ ಅವನಿಗೂ ಉಳಿದಿದ್ದದ್ದು ಈ ಭಾನುವಾರದ ದಾರಿ ಒಂದೇ, ಅದೂ ತಪ್ಪಿದರೆ ಅವಳ ಕಡೆಯವರು ಅಂತ ತನಗೆ ಯಾರೂ ಉಳಿಯುವುದಿಲ್ಲ ಎಂಬ ಹೆದರಿಕೆ ಅವನಿಗಿತ್ತು.

ಹೆದ್ದಾರಿ ಹತ್ತಿದರೆ ಆ ಕಾರಿನೊಳಗೆ ಹಿಟ್ಟಿನ ಗಿರಣಿಯಲ್ಲಿ ಕೂತ ಹಾಗಿರುತ್ತಿತ್ತು. ಆ ಗದ್ದಲದಲ್ಲಿ ಅತ್ತೆ ತನಗೆ ಏನೋ ಹೇಳುತ್ತಿದ್ದಾರೆ, ತಾನು ಕೇಳಿಸದೆ ಕಲ್ಲಿನ ಹಾಗೆ ಕೂತಿದ್ದೇನೆ, ಅತ್ತೆ ಮರ್ಯಾದಸ್ಥರು, ಒಂದು ಮಾತನ್ನು ಎರಡು ಸಲ ಹೇಳುವವರಲ್ಲ ಎಂದು ಅವನು ಲೆಕ್ಕ ಹಾಕಿದ. ಹಾಕಿ ತುಂಬ ನಾಚಿಕೊಂಡ.

ಆ ಸದ್ದು ತಗ್ಗಿಸಲು ದಾರಿ ಕೇಳೋಣವೆಂದು ಕಾರಿನ ಸೀಟು, ಕುಶನ್ ಹೊಲಿಯುವವನ ಹತ್ತಿರ ಹೋದ. ಕುಶನಿನವನು ಕಾರಿಗೆ ಒಂದು ಸುತ್ತು ಬಂದು ಟೈರಿಗೆ ಉಗುರು ಒತ್ತಿ ನೋಡಿದ.

"ಟೈರು ಕಲ್ಲಾಗಿದೆ ಸಾರ್. ಬಾಗಿಲಿನ ರಬ್ಬರ್ ಸತ್ತಿದೆ. ನೆಲ ಅಂತೂ ಬರೀ ತಗಡು. ಇಷ್ಟು ವರ್ಷ ಹೆಂಗೆ ಓಡಾಡಿದ್ರಿ?"

"ನನ್ನ ಹೆಂಡತಿ ಓಡಾಡ್ತಿದ್ದಿದ್ದು."

"ಅವ್ರು ಏನೂ ಹೇಳ್ತಿರ್ಲಿಲ್ವಾ?"

"ಅವಳಿಗೆ ಈ ಸದ್ದೇ ಇಷ್ಟ ಇತ್ತು."

ಕುಶನಿನವನು, ಸದ್ದು ತಡೆಯಲು ತಗಡಿನ ಮೇಲೆ ಏನು ಹಾಸಬೇಕು, ಯಾವುದರ ಮೇಲೆ ಯಾವುದು ಬರಬೇಕು ಎಂದಷ್ಟೇ ಹೇಳಿಕೊಟ್ಟ.

ಕೆಲಸವನ್ನು ಅವನು ತಾನೇ ಮಾಡಿದ. ಸೀಟುಗಳನ್ನು ಬಿಚ್ಚಿ ಹೊರಗಿಟ್ಟು, ಕಾರ್ಪೆಟ್ ಎತ್ತಿ, ನೆಲದ ತಗಡನ್ನು ಬೆರಳ ಗೆಣ್ಣಿನಿಂದ ಬಡಿಯುತ್ತಾ ಹೋದ. ಠಣ್ ಎಂದಲ್ಲಿ ಡಾಂಬರಿನಂಥ ದಪ್ಪ ಅಂಟುಹಾಳೆಯನ್ನು ಬಿಸಿಗಾಳಿಗೆ ಮೆತ್ತಗೆ ಮಾಡಿ, ರೋಲರಿನಿಂದ ಉಜ್ಜಿ ಕೂರಿಸಿದ. ಮತ್ತೆ ಬಡಿದರೆ ದಪ್ ಎನ್ನುತ್ತಿತ್ತು. ದವಡೆಯ ಅಚ್ಚಿಗೆ ಮೇಣ ತುಂಬುವ ಕೈ ಅದು, ಒಂದು ಮೂಲೆಯನ್ನೂ ಬಿಡಲಿಲ್ಲ. ಹಿಂದಿನ ಚಕ್ರಗಳ ಮೇಲಿನ ಗುಬುಟಿಗೆ ಎರಡು ಪದರ, ಅದರ ಮೇಲೆ ದಪ್ಪ ಉಣ್ಣೆಯ ಹಾಸು, ಗೇರ್ ಹಿಡಿಯ ಬುಡಕ್ಕೆ ಹೊಸ ರಬ್ಬರ್ ಚೀಲ, ಬಾಗಿಲಿಗೆ ಹೊಸ ರಬ್ಬರ್, ಕೊನೆಗೆ ಮೆತ್ತನೆಯ ಟೈರು. ಸೀಟಿನ ಕೆಳಗೆ ಹೆಂಡತಿಯ ಕೂದಲಿನ ಕ್ಲಿಪ್ಪೊಂದು ಸಿಕ್ಕಿತು. ಅದನ್ನು ಇದ್ದಲ್ಲೇ ಇಟ್ಟು ಅದರ ಮೇಲೆ ಹಾಸು ಹಾಸಿದ. 

ಆ ಭಾನುವಾರ ಬಾಗಿಲು ಹಾಕಿದಾಗ ಅದು ಮರದ ಬೀರುವಿನ ಬಾಗಿಲಿನ ಹಾಗೆ ಮೆತ್ತಗೆ ಮುಚ್ಚಿಕೊಂಡಿತು. ಹೆದ್ದಾರಿಯಲ್ಲಿ ಅತ್ತೆಯ ಬಳೆಯ ಸದ್ದು ಕೂಡ ಕೇಳುತ್ತಿತ್ತು. ಅವನು ಹೆಮ್ಮೆಯಿಂದ ಕಾದ. ಅತ್ತೆ ಒಮ್ಮೆ ತುಟಿ ತೆರೆದರು, ಅವನ ಕಡೆ ನೋಡಿದರು, ಮುಚ್ಚಿಕೊಂಡರು. ಹೋಗುವಾಗ ಒಂದು ಮಾತಿಲ್ಲ. ಬರುವಾಗ ಅರ್ಧ ದಾರಿ ಕಳೆದ ಮೇಲೆ ಅತ್ತೆ ಮೆಲ್ಲಗೆ ಹೇಳಿದರು, "ಬರೋ ವಾರದಿಂದ ನಾನು ಬಸ್ಸಲ್ಲೇ ಹೋಗ್ತೀನಿ. ನಿಮಗೂ ತೊಂದರೆ."

ಅವನು ಕಾರನ್ನು ಪಕ್ಕಕ್ಕೆ ನಿಲ್ಲಿಸಿದ.

"ನನ್ನಿಂದ ಏನಾದ್ರೂ ತಪ್ಪಾಯ್ತಾ ಅತ್ತೆ?"

"ಅಯ್ಯೋ, ತಪ್ಪೇನು ಬಂತು. ಇಷ್ಟು ಚೆನ್ನಾಗಿ ಮಾಡಿದೀರಿ." ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಇಲ್ಲಿ ಕೂತು ನಾನು ನನ್ನ ಮಗಳ ಹತ್ರ ಮಾತಾಡ್ತಿದ್ದೆ. ಮನೇಲಿ ಗೋಡೆಗೂ ಕಿವಿ. ಒಬ್ಬಳೇ ಮಾತಾಡೋದು ಕೇಳಿದ್ರೆ ಸೊಸೆ ಹೆದರ್ತಾಳೆ, ಮಗ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಾನೆ. ಈ ಗದ್ದಲದಲ್ಲಿ ನಿಮಗೆ ಕೇಳಲ್ಲ ಅಂತ ಧೈರ್ಯ ಇತ್ತು."

ಅವನ ಅಷ್ಟು ದಿನದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು. ಅದಕ್ಕೆ ಅವನಿಗೆ ಬೇಸರವಾಗಲಿಲ್ಲ. ಹೋದವಳ ಹತ್ತಿರ ಎಲ್ಲಿ ಮಾತಾಡಬೇಕು ಎನ್ನುವುದಾದರೂ ಅತ್ತೆಗೆ ಗೊತ್ತಿತ್ತು, ತನಗೆ ಅದೂ ಗೊತ್ತಿರಲಿಲ್ಲ ಎಂದು ಹೊಟ್ಟೆಕಿಚ್ಚಾಯಿತು.

ತನ್ನ ಕಡೆಯ ಕಿಟಕಿಯ ಹಿಡಿ ತಿರುಗಿಸಿ ಗಾಜನ್ನು ಪೂರ್ತಿ ಇಳಿಸಿದ. ಬಗ್ಗಿ ಅತ್ತೆಯ ಕಡೆಯದನ್ನೂ ಇಳಿಸಿದ. ಕಾರು ಮತ್ತೆ ಹೆದ್ದಾರಿಗೆ ಬಂದು ವೇಗ ಹಿಡಿಯಿತು. ಗಾಳಿಯೂ, ರಸ್ತೆಯ ಮೊರೆತವೂ, ಪಕ್ಕದ ಲಾರಿಗಳ ಸದ್ದೂ ಒಳಗೆ ನುಗ್ಗಿದವು. ಅತ್ತೆಯ ತುಟಿ ಮತ್ತೆ ಅಲ್ಲಾಡತೊಡಗಿತು. ಈ ಸಲ ಅವನು ಆ ಕಡೆ ನೋಡಲಿಲ್ಲ.

ಇನ್ನಷ್ಟು ದೂರ ಹೋದ ಮೇಲೆ ಅವನೂ ಬಾಯಿ ತೆರೆದ. ಅವಳು ಹೋದಾಗಿನಿಂದ ಒಮ್ಮೆಯೂ ಬಾಯಿ ಬಿಟ್ಟು ಆಡದ ಹೆಸರು ಹಿಡಿದು ಕರೆದ. ನಿನ್ನ ಕಾರನ್ನು ಮೂಕ ಮಾಡಿಬಿಟ್ಟಿದ್ದೆ ನೋಡು, ಬೈಯಬೇಡ ಎಂದ. ಕ್ಲಿಪ್ಪು ಎಲ್ಲಿದೆ ಎಂದೂ ಹೇಳಿದ.

ಅತ್ತೆ ಕಿವಿಗೆ ಕೈ ಹಚ್ಚಿ ಅವನತ್ತ ಬಾಗಿ ಕೂಗಿದರು, "ಏನಂದ್ರಿ?"

"ನಿಮಗಲ್ಲ ಅತ್ತೆ" ಎಂದು ಅವನೂ ಕೂಗಿದ.

ಅತ್ತೆ ಆಗಲಿ ಎಂಬಂತೆ ತಲೆಯಾಡಿಸಿ, ಅವನಿಗೆ ಬೆನ್ನಾಗಿ, ತಮ್ಮ ಕಿಟಕಿಯ ಕಡೆ ತಿರುಗಿ ಕೂತರು.