ಹತ್ತೊಂಬತ್ತು ನಾಟಕಗಳ ಹೊಲಿಗೆ ಟೀಚರು

ಬೆಳಗ್ಗೆ ಆರೂ ಮುಕ್ಕಾಲು. ಬಸವಕಲ್ಯಾಣದ ಮೊದಲ ಬಸ್ಸು ಹುಮನಾಬಾದ್ ನಿಲ್ದಾಣದೊಳಗೆ ತಿರುಗುವಷ್ಟರಲ್ಲೇ ಶೇವಂತಾಬಾಯಿ ಬಾಗಿಲ ಬಳಿ ಎದ್ದು ನಿಂತಿದ್ದಾರೆ. ಹೆಗಲಿಗೆ ವೇಷದ ಬಟ್ಟೆಗಳ ಗಂಟು, ಕೈಯಲ್ಲಿ ಹಾಳೆ ಕಿತ್ತುಬಂದ ನೋಟ್‌ಬುಕ್ಕು. ಹತ್ತೇ ನಿಮಿಷದಲ್ಲಿ ಅವರು ಬಾಲಕಿಯರ ಪ್ರೌಢಶಾಲೆಯ ಅಂಗಳದಲ್ಲಿರುತ್ತಾರೆ. ಜನವರಿಯ ಚಳಿಗೆ ಸ್ವೆಟರು, ಶಾಲು ಹೊದ್ದ ಇಪ್ಪತ್ತೆರಡು ಹುಡುಗಿಯರು ನಾಟಕದ ಕೊನೆಯ ತಾಲೀಮಿಗೆ ಆಗಲೇ ಸಾಲಾಗಿ ನಿಂತಿದ್ದಾರೆ.

"ಪ್ರಣಿತಾ, ಎದಿಯಿಂದ ಹಾಡವ್ವ, ಮೂಗಿನಿಂದ ಅಲ್ಲ. ಬಾವ್ಯಾಗ ನೀರು ಬಿದ್ದದ. ಖುಷಿ ಆಗಬೇಕೋ ಬ್ಯಾಡೋ?"

ಹುಡುಗಿಯರು ನಗುತ್ತಾರೆ. ಅದೇ ನಗುವಿನಲ್ಲಿ ಹಾಡು ಮೇಲೇಳುತ್ತದೆ.

ಶೇವಂತಾಬಾಯಿ ಈ ಶಾಲೆಯ ಹೊಲಿಗೆ ಟೀಚರು. ವಯಸ್ಸು ಐವತ್ತೆಂಟು. 1990ರಿಂದ ಈ 2008ರವರೆಗೆ ವರ್ಷಕ್ಕೊಂದರಂತೆ ಹಾಡುನಾಟಕ ಬರೆದು, ರಾಗ ಹಾಕಿ, ವೇಷ ಹೊಲಿದು ಆಡಿಸಿದ್ದಾರೆ. ಅವರ ಕೈಯಲ್ಲಿ ಪಳಗಿದ ಹುಡುಗಿಯರು ನಾನೂರಕ್ಕೂ ಹೆಚ್ಚು. ಇಂದು ಹನ್ನೊಂದು ಗಂಟೆಗೆ ಶಾಲೆಯ ವಾರ್ಷಿಕೋತ್ಸವದಲ್ಲಿ ಹತ್ತೊಂಬತ್ತನೆಯದು. ತಿಂಗಳ ಕೊನೆಗೆ ನಿವೃತ್ತಿ.

ಹುಟ್ಟಿದ್ದು ಹುಲಸೂರಿನ ಕೂಲಿ ಕುಟುಂಬದಲ್ಲಿ. "ನಮ್ಮವ್ವಗ ಅಕ್ಷರ ಬರ್ತಿರ್ಲಿಲ್ರಿ. ಆದ್ರ ಬೀಸೂವಾಗ, ಕಳೆ ತೆಗಿಯೂವಾಗ ಹಾಡೋ ಪದ ಲೆಕ್ಕಿಲ್ದಷ್ಟು ಬರ್ತಿದ್ದವು. ಅರ್ಧ ಕನ್ನಡ, ಅರ್ಧ ಮರಾಠಿ. ನನ್ನ ನಾಟಕದ ಧಾಟಿ ಎಲ್ಲಾ ಅವೇ" ಎನ್ನುತ್ತಾರೆ.

ಮೊದಲ ವರ್ಷ ನಾಟಕದ ಮಾತೆತ್ತಿದಾಗ ಸ್ಟಾಫ್ ರೂಮಿನಲ್ಲಿ ಯಾರೋ ಒಬ್ಬರು, "ಸೂಜಿ ಹಿಡಿಯೋರಿಗೆ ನಾಟಕ ಯಾಕ ಬೇಕ್ರಿ?" ಎಂದಿದ್ದರು. ಉಳಿದವರು ನಕ್ಕಿದ್ದರು. ಪಾಠದ ಸಮಯ ಕೊಡುವುದಿಲ್ಲ ಎಂದೂ ತೀರ್ಮಾನವಾಯಿತು. "ಆ ದಿನ ಬಸ್ಸಿನ್ಯಾಗ ಊರು ಮುಟ್ಟೋತನಾ ಕಣ್ಣೀರು ನಿಲ್ಲಲಿಲ್ರಿ. ಮರುದಿನ ಮೊದಲ್ನೇ ಬಸ್ಸಿಗೆ ಬಂದೆ. ಪಾಠದ ಹೊತ್ತು ಅವರದು, ಬೆಳಗಿನ ಹೊತ್ತು ನಂದು ಅಂದ್ಕೊಂಡೆ."

ಅದಕ್ಕಿಂತ ದೊಡ್ಡ ಪರೀಕ್ಷೆ ಎದುರಾದದ್ದು 1994ರಲ್ಲಿ. ಒಂಬತ್ತನೇ ತರಗತಿಯ ಆಮಿನಾಳದು ಗಂಟೆಯಂಥ ಕಂಠ. ಮುಖ್ಯ ಪಾತ್ರ ಅವಳಿಗೇ ಎಂದು ಟೀಚರು ನಿಶ್ಚಯಿಸಿದ್ದರು. ನಾಟಕಕ್ಕೆ ಹನ್ನೆರಡು ದಿನ ಇರುವಾಗ ಅವಳ ತಂದೆ, ಟಾಂಗಾ ಹೊಡೆಯುತ್ತಿದ್ದ ಮೊಹಿನುದ್ದೀನ್, ಮಗಳು ಸ್ಟೇಜ್ ಹತ್ತಕೂಡದೆಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಶೇವಂತಾಬಾಯಿ ವಾದಕ್ಕಿಳಿಯಲಿಲ್ಲ. "ಭಾಯಿ, ನೀವೇ ದಿನಾ ಬಂದು ಕುಂತು ನೋಡ್ರಿ. ಒಂದು ಮಾತು ತಪ್ಪು ಕಂಡ್ರ ಅವತ್ತೇ ಕರ್ಕೊಂಡು ಹೋಗ್ರಿ" ಎಂದರು.

ಅವರು ಬಂದರು. ಮೂರು ದಿನ ಅಂಗಳದ ಬೇವಿನ ಮರಕ್ಕೆ ಒರಗಿ ಕೂತರು. ತಾಳಕ್ಕೆ ಹುಡುಗಿಯರು ಬೆಂಚು ಬಡಿಯುತ್ತಿದ್ದರು, ಆಮಿನಾ ಅಪ್ಪನ ಕಡೆ ನೋಡಲೂ ಹೆದರಿ ಹಾಡುತ್ತಿದ್ದಳು. ನಾಲ್ಕನೇ ದಿನ ಮೊಹಿನುದ್ದೀನ್ ಸರಕ್ಕನೆ ಎದ್ದರು.

"ಬಾಯಾರ, ಹಾಡು ಛಲೋ ಅದ, ತಾಳ ಜಾರಾಕತ್ತದ. ಬೆಂಚು ಬಡದ್ರ ನಾಟಕ ಆಗ್ತದೇನ್ರಿ?"

ಹರೆಯದಲ್ಲಿ ಅವರು ಕವ್ವಾಲಿಗೆ ಢೋಲಕ್ ನುಡಿಸಿದ್ದವರು ಎಂಬುದು ಟೀಚರಿಗೆ ತಿಳಿದದ್ದೇ ಆಗ. ಮರುದಿನ ಟಾಂಗಾದಲ್ಲಿ ಢೋಲಕ್ ಬಂತು. ಅಲ್ಲಿಂದೀಚೆಗೆ ಒಂದು ನಾಟಕವೂ ಅವರಿಲ್ಲದೆ ನಡೆದಿಲ್ಲ.

ಹನ್ನೊಂದಕ್ಕೆ ಅಂಗಳ ಕಿಕ್ಕಿರಿದಿದೆ. ಮಂಠಾಳ, ಚಿಟಗುಪ್ಪಗಳಿಂದ ಹಳೆಯ ವಿದ್ಯಾರ್ಥಿನಿಯರು ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದಿದ್ದಾರೆ. ನಾಟಕ 'ಏಳು ಮಂದಿ ತೋಡಿದ ಬಾವಿ'. ಊರ ಬಾವಿಯಲ್ಲಿ ನೀರು ಸಿಗದ ಏಳು ಹೆಂಗಸರು ತಮ್ಮದೇ ಬಾವಿ ತೋಡುವ ಕಥೆ. ಹಾರೆ ನೆಲಕ್ಕೆ ಬೀಳುವ ಹೊತ್ತಿಗೆ ಕರೆಂಟು ಹೋಗುತ್ತದೆ. ಮೈಕು ಸಾಯುತ್ತದೆ. ಪರದೆಯ ಪಕ್ಕದಿಂದ ಶೇವಂತಾಬಾಯಿ ಪ್ರಣಿತಾಳತ್ತ ನೋಡಿ, ಎದೆಯ ಮೇಲೆ ಅಂಗೈ ಇಟ್ಟು ತೋರಿಸುತ್ತಾರೆ, ಅಷ್ಟೆ.

"ನೆಲವೇ ಬಿಚ್ಚವ್ವ, ನೀರಿನ ಕಣ್ಣ ಬಿಚ್ಚವ್ವ..."

ಪ್ರಣಿತಾಳ ದನಿ ಅಂಗಳ ದಾಟಿ ಕಾಂಪೌಂಡಿನಾಚೆ ರಸ್ತೆಗೆ ಬೀಳುತ್ತದೆ. ಎಪ್ಪತ್ತು ತುಂಬಿದ ಮೊಹಿನುದ್ದೀನರ ಬೆರಳು ಢೋಲಕಿನ ಮೇಲೆ ಓಡುತ್ತದೆ. ಉಳಿದ ಆರು ಜನ ದನಿಗೂಡಿಸುತ್ತಾರೆ. ಸೈಕಲ್ಲಿನವರು ಇಳಿದು ಗೋಡೆಗೆ ಆತು ನಿಲ್ಲುತ್ತಾರೆ. ಕೊನೆಯ ಪದಕ್ಕೆ ಪ್ರೇಕ್ಷಕರಲ್ಲಿದ್ದ ಹಳೆಯ ಹುಡುಗಿಯರೂ ಎದ್ದು ನಿಂತು ಹಾಡತೊಡಗುತ್ತಾರೆ. ನಾಟಕ ಹೊಸದಾದರೂ ಧಾಟಿ ಅವರಿಗೆ ಗೊತ್ತು. ಚಪ್ಪಾಳೆ ನಿಲ್ಲುವ ಲಕ್ಷಣವೇ ಇಲ್ಲ. ಮುಖ್ಯೋಪಾಧ್ಯಾಯ ಮಹಾರುದ್ರಪ್ಪ ಶಾಲು ಹಿಡಿದುಕೊಂಡು ಟೀಚರನ್ನು ಹುಡುಕಿದರೆ, ಅವರು ಪರದೆಯ ಹಿಂದೆ ಒಬ್ಬ ಹುಡುಗಿಯ ಹರಿದ ಲಂಗಕ್ಕೆ ಪಿನ್ನು ಹಾಕುತ್ತಿದ್ದಾರೆ. ಹುಡುಗಿಯರೇ ಕೈಹಿಡಿದು ಎಳೆದು ತಂದು ನಡುವೆ ನಿಲ್ಲಿಸುತ್ತಾರೆ. ಮಹಾರುದ್ರಪ್ಪ ಶಾಲು ಹೊದಿಸುತ್ತಾರೆ. ಹತ್ತೊಂಬತ್ತು ವರ್ಷ ಹಾಡಿಸಿದ ಟೀಚರು ಕೈ ಮುಗಿದು ನಗುತ್ತಾರೆ.

ಸಂಜೆಯ ಬಸ್ಸಿಗೆ ಕಾಯುವಾಗ ಮುಂದೇನು ಎಂದರೆ, ಅವರ ಬಳಿ ಉತ್ತರ ಸಿದ್ಧವಾಗಿದೆ. ಆಮಿನಾ ಈಗ ಚಿಟಗುಪ್ಪದಲ್ಲಿ ಶಿಕ್ಷಕಿ. ಬರುವ ತಿಂಗಳು ತನ್ನ ಶಾಲೆಯ ಮಕ್ಕಳಿಂದ ಮೊದಲ ಹಾಡುನಾಟಕ ಆಡಿಸಲಿದ್ದಾಳೆ.

"ಇಷ್ಟು ವರ್ಷ ಪರದೆ ಬಾಜೂಕ ನಿಂತು ಬರೇ ಬೆನ್ನು ನೋಡೇನ್ರಿ. ಅಲ್ಲಿ ಮುಂದಿನ ಕುರ್ಚಿ ಮ್ಯಾಲ ಕುಂತು, ಮಕ್ಕಳ ಮಾರಿ ಕಣ್ತುಂಬ ನೋಡಬೇಕು."